ನೆರೆಹೊರೆ: ಓಣಿಯ ಕಾವಲು ಯಾರದು?

ಮುಂಬಯಿಯಲ್ಲಿ ಮನೆ ಹುಡುಕುವವರು ಪಾಗಡಿ, ಡಿಪಾಸಿಟು, ಬಾಡಿಗೆಗಳ ಮಾತು ಮುಗಿದ ಮೇಲೆ ಕೇಳುವ ಪ್ರಶ್ನೆ ಒಂದೇ: "ಓಣಿ ಹೇಗಿದೆ?" ಈ ಒಂದು ಮಾತಿನಲ್ಲಿ ಎಷ್ಟೋ ಪ್ರಶ್ನೆಗಳು ಅಡಗಿವೆ. ರಾತ್ರಿ ಹನ್ನೊಂದರ ಲೋಕಲಿನಿಂದ ಇಳಿದ ಮಗಳು ನಿರ್ಭಯವಾಗಿ ನಡೆದು ಬರಬಲ್ಲಳೆ? ನಳದಲ್ಲಿ ನೀರು ಬರುವ ಹೊತ್ತಿಗೆ ಜಗಳವಾಗುತ್ತದೆಯೆ? ಮಳೆಗಾಲದಲ್ಲಿ ಗಟಾರ ಉಕ್ಕುತ್ತದೆಯೆ? ಮಕ್ಕಳಿಗೆ ಆಡಲು ನಾಲ್ಕು ಮೊಳ ಜಾಗವಾದರೂ ಇದೆಯೆ? ಮನೆಯಲ್ಲಿ ಮುದುಕಿಯೊಬ್ಬರೇ ಇದ್ದರೆ, "ಅಜ್ಜಿ, ಊಟವಾಯಿತೆ?" ಎಂದು ಬಾಗಿಲಲ್ಲಿ ಇಣುಕಿ ಕೇಳುವವರಿದ್ದಾರೆಯೆ?

ಓಣಿ ಒಳ್ಳೆಯದಾಗಿದ್ದರೆ ಅದು ನಮ್ಮ ಪುಣ್ಯ, ಕೆಟ್ಟದಾಗಿದ್ದರೆ ನಮ್ಮ ಹಣೆಬರಹ ಎಂದು ತಿಳಿದು ನಮ್ಮಲ್ಲಿ ಬಹಳ ಜನ ಸುಮ್ಮನಿದ್ದುಬಿಡುತ್ತೇವೆ. ಆದರೆ ಓಣಿ ತಾನಾಗಿ ಒಳ್ಳೆಯದಾಗುವುದಿಲ್ಲ. ತಾನಾಗಿ ಕೆಡುವುದೂ ಇಲ್ಲ. ಯಾರೋ ಕೆಲವರು ಪಟ್ಟುಹಿಡಿದು ಕೆಲಸ ಮಾಡಿದುದರಿಂದ ಒಳ್ಳೆಯದಾಗಿರುತ್ತದೆ. ಎಲ್ಲರೂ ಬಾಗಿಲು ಹಾಕಿಕೊಂಡುದರಿಂದ ಕೆಟ್ಟಿರುತ್ತದೆ. ಮುಂಬಯಿಯ ಒಳನಗರದ ಮೊಹಲ್ಲಗಳಲ್ಲಿ, ಝೋಪಡಪಟ್ಟಿಗಳಲ್ಲಿ ಮುನಿಸಿಪಾಲಿಟಿಯೂ ಪೋಲೀಸರೂ ನಿವಾಸಿಗಳೂ ಕೂಡಿ ಏನೇನು ಮಾಡಿದ್ದಾರೆ, ಅದರಲ್ಲಿ ನಮ್ಮ ಪಾಲು ಎಷ್ಟು, ಮುಂದೆ ಎಷ್ಟಾಗಬೇಕು ಎಂಬುದನ್ನು ಈ ಸಲದ ಅಂಕಣದಲ್ಲಿ ಓದುಗ ಬಾಂಧವರ ಮುಂದಿಡಲು ಬಯಸುತ್ತೇವೆ.

ಮೊದಲು ಸ್ವಲ್ಪ ಹಿಂದಿನ ಸಂಗತಿ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗಾಳಿ ಬೆಳಕಿಲ್ಲದ ಕೊಠಡಿಗಳಲ್ಲಿ ಜನ ಕಿಕ್ಕಿರಿದು ಬಾಳುತ್ತಿದ್ದುದೇ ರೋಗ ಹರಡಲು ಕಾರಣವೆಂದು ತಿಳಿದ ಸರಕಾರ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಅದು ಹಳೆಯ ಗಲ್ಲಿಗಳನ್ನು ಒಡೆದು ಅಗಲವಾದ ರಸ್ತೆಗಳನ್ನು ತೆರೆಯಿತು, ದಾದರ್ ಮಾಟುಂಗಗಳ ಬಡಾವಣೆಗಳನ್ನು ಹಾಕಿತು. 1920ರ ದಶಕದಲ್ಲಿ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟಿನವರು ಗಿರಣಿ ಕೆಲಸಗಾರರಿಗಾಗಿ ವರಳಿ, ನಾಯಗಾಂವ್, ಈಗ ಎನ್. ಎಂ. ಜೋಶಿ ಮಾರ್ಗವೆನ್ನುವ ಡಿಲೈಲ್ ರೋಡ್, ಶಿವಡಿ ಈ ನಾಲ್ಕು ಕಡೆಗಳಲ್ಲಿ ಒಟ್ಟು 207 ಚಾಳುಗಳನ್ನು ಕಟ್ಟಿಸಿದರು. ಬಿ.ಡಿ.ಡಿ. ಚಾಳುಗಳೆಂದರೆ ಇವೇ. ನೆಲದಂತಸ್ತು, ಅದರ ಮೇಲೆ ಮೂರು ಮಾಳಿಗೆ. ಮಾಳಿಗೆಗೆ ಇಪ್ಪತ್ತು ಖೋಲಿ. ನಡುವೆ ಉದ್ದಕ್ಕೂ ಓಡಾಡುವ ದಾರಿ, ಅದರ ಇಬ್ಬದಿಗೂ ಹತ್ತು ಹತ್ತು ಬಾಗಿಲು. ಒಂದೊಂದು ಖೋಲಿ ಸುಮಾರು 160 ಚದರಡಿ. ಪಾಯಿಖಾನೆ, ನಳ ಎಲ್ಲವೂ ಸಾರ್ವಜನಿಕ.

ಆ ಬಾಳಿನ ಕಷ್ಟವನ್ನು ನಾವು ಹೊಗಳಲು ಹೊರಟಿಲ್ಲ. ಆರು ಜನ ಒಂದೇ ಖೋಲಿಯಲ್ಲಿ ಮಲಗಿ, ಬೆಳಿಗ್ಗೆ ಪಾಯಿಖಾನೆಯ ಮುಂದೆ ಡಬ್ಬಿ ಹಿಡಿದು ಸಾಲು ನಿಂತವರಿಗೆ ಚಾಳಿನ ಸುಖದ ವರ್ಣನೆ ಬೇಕಾಗಿಲ್ಲ. ಆದರೂ ಆ ನಡುದಾರಿಯಲ್ಲಿ ಒಂದು ಗುಣವಿತ್ತು. ಹಗಲೆಲ್ಲ ಬಾಗಿಲುಗಳು ತೆರೆದಿರುತ್ತಿದ್ದುವು. ಅಪರಿಚಿತ ಒಬ್ಬ ಮೆಟ್ಟಿಲೇರಿದರೆ ಹತ್ತು ಕಣ್ಣುಗಳು ಅವನನ್ನು ನೋಡುತ್ತಿದ್ದುವು. ಯಾರ ಮಗು ಎಲ್ಲಿ ಅಳುತ್ತಿದೆ, ಯಾರ ಮನೆಯಲ್ಲಿ ಗಂಡ ಕುಡಿದು ಬಂದಿದ್ದಾನೆ, ಯಾರ ಮನೆಯಲ್ಲಿ ಇಂದು ಒಲೆ ಹತ್ತಿಲ್ಲ ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಅದರಿಂದ ಕಿರಿಕಿರಿಯೂ ಆಗುತ್ತಿತ್ತು, ರಕ್ಷಣೆಯೂ ಸಿಗುತ್ತಿತ್ತು. ಇದನ್ನು ನೆನಪಿನಲ್ಲಿಡಬೇಕು, ಮುಂದೆ ಇದರ ಮಾತು ಬರುತ್ತದೆ.

ಕಟ್ಟಡ ಕಟ್ಟಿದ ಮಾತ್ರಕ್ಕೆ ನೆರೆಹೊರೆ ಆಗುವುದಿಲ್ಲ ಎಂಬುದನ್ನು ಈ ನಗರದಲ್ಲಿ ಮೊದಲು ಕಂಡವರಲ್ಲಿ ಕ್ಲಿಫರ್ಡ್ ಮ್ಯಾನ್ಶಾರ್ಟ್ ಎಂಬವರೊಬ್ಬರು. ಅಮೆರಿಕದಿಂದ ಮರಾಠಿ ಮಿಶನ್ನಿನ ಪರವಾಗಿ ಬಂದ ಇವರು 1920ರ ದಶಕದ ಉತ್ತರಾರ್ಧದಲ್ಲಿ ಭಾಯಖಳದ ಬಳಿಯ ನಾಗಪಾಡದಲ್ಲಿ 'ನೇಬರ್‌ಹುಡ್ ಹೌಸ್' ಎಂಬ ಒಂದು ಮನೆಯನ್ನು ತೆರೆದರು. ಬಡತನ, ಕುಡಿತ, ಕಾಮಾಠಿಪುರದ ವ್ಯಾಪಾರ ಎಲ್ಲವೂ ಸುತ್ತುವರಿದಿದ್ದ ಮೊಹಲ್ಲ ಅದು. ಅಲ್ಲಿ ಹಿಂದೂ, ಮುಸಲ್ಮಾನ, ಯಹೂದಿ, ಕ್ರೈಸ್ತ ಎನ್ನದೆ ಅಕ್ಕಪಕ್ಕದವರಿಗೆಲ್ಲ ಆಟ, ಓದು, ಆರೋಗ್ಯದ ಸಲಹೆ, ಉಪನ್ಯಾಸಗಳು ನಡೆದುವು. ಹುಡುಗರಿಗೆ ಆಟದ ಮೈದಾನ ಕೊಟ್ಟರೆ ಅವರು ಬೀದಿಯ ದುಷ್ಟರ ಕೈಗೆ ಸಿಗುವುದು ತಪ್ಪುತ್ತದೆ ಎಂಬುದು ಅವರ ಸರಳವಾದ ನಂಬಿಕೆ. ಇಂದಿಗೂ ನಾಗಪಾಡ ಎಂದರೆ ಬಾಸ್ಕೆಟ್‌ಬಾಲ್ ಆಟಗಾರರ ತವರೆಂದೇ ಪ್ರಸಿದ್ಧಿ. 1936ರಲ್ಲಿ ಸಮಾಜಸೇವೆಯನ್ನು ಶಾಸ್ತ್ರೀಯವಾಗಿ ಕಲಿಸುವ ದೊರಾಬ್ಜಿ ಟಾಟಾ ಶಾಲೆ ಆರಂಭವಾದುದು ಇದೇ ಮನೆಯಲ್ಲಿ. ಈಗ ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಮೂಲ ಅದು.

ನಮ್ಮವರೂ ಸುಮ್ಮನಿರಲಿಲ್ಲ. ಮ್ಯಾನ್ಶಾರ್ಟರ ಮನೆಗೂ ಮೊದಲೇ, 1902ರಲ್ಲಿ, ಮೊಗವೀರ ವ್ಯವಸ್ಥಾಪಕ ಮಂಡಳಿ ಈ ನಗರದಲ್ಲಿ ಹುಟ್ಟಿತು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಬಂದುವು. ಹಗಲೆಲ್ಲ ಹೋಟೆಲಿನಲ್ಲಿ ಬಸಿ ತೊಳೆದು ರಾತ್ರಿ ಕೋಟೆಯ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತ ಹುಡುಗರ ಕಥೆ ನಮ್ಮ ಓದುಗರಲ್ಲಿ ಎಷ್ಟೋ ಮನೆಗಳ ಕಥೆ. ರಾತ್ರಿಶಾಲೆಯೆಂದರೆ ನಾವು ವಿದ್ಯೆಯ ಲೆಕ್ಕದಲ್ಲಿ ಮಾತ್ರ ನೆನೆಯುತ್ತೇವೆ. ಆದರೆ ಹದಿನಾಲ್ಕು ವರ್ಷದ ಹುಡುಗ, ಕೈಯಲ್ಲಿ ನಾಲ್ಕು ಕಾಸು, ಮೇಲೆ ಅಪ್ಪ ಅಮ್ಮ ಇಲ್ಲ, ರಾತ್ರಿ ಎಂಟರಿಂದ ಹತ್ತರ ವರೆಗೆ ಅವನು ಎಲ್ಲಿರಬೇಕು ಎಂಬ ಪ್ರಶ್ನೆಗೆ ಆ ಶಾಲೆಯೇ ಉತ್ತರವಾಗಿತ್ತು. ಊರಿನ ಸುರಕ್ಷತೆಗೆ ನಮ್ಮ ಹಿರಿಯರು ಸಲ್ಲಿಸಿದ ಕಾಣಿಕೆಗಳಲ್ಲಿ ಅದೂ ಒಂದು; ಯಾವ ಪೋಲೀಸ್ ದಫ್ತರದಲ್ಲಿಯೂ ಅದರ ನಮೂದು ಇಲ್ಲ.

ಇನ್ನು ಮನಸ್ಸಿಗೆ ನೋವಾಗುವ ಮಾತು. 1992ರ ಡಿಸೆಂಬರಿನಲ್ಲಿ, ಮತ್ತೆ 1993ರ ಜನವರಿಯಲ್ಲಿ ಈ ನಗರ ಹೊತ್ತಿ ಉರಿಯಿತು. ಶ್ರೀಕೃಷ್ಣ ಆಯೋಗದ ಲೆಕ್ಕದ ಪ್ರಕಾರ ಆ ಎರಡು ತಿಂಗಳ ಗಲಭೆಯಲ್ಲಿ 900 ಜನ ಸತ್ತರು. ಮಾರ್ಚ್ 12ರ ಬಾಂಬುಗಳಿಗೆ ಇನ್ನೂ 257 ಮಂದಿ ಬಲಿಯಾದರು. ಇಪ್ಪತ್ತು ವರ್ಷ ಒಂದೇ ನಳದ ನೀರು ಕುಡಿದವರು ಒಬ್ಬರನ್ನೊಬ್ಬರು ಕಂಡು ಹೆದರುವಂತಾಯಿತು. ಪೋಲೀಸರ ಮೇಲೆ ಜನರಿಗೆ, ಜನರ ಮೇಲೆ ಪೋಲೀಸರಿಗೆ ನಂಬಿಕೆ ಉಳಿಯಲಿಲ್ಲ.

ಆದರೆ ಮುಂಬಯಿಯ ಮಗ್ಗುಲಲ್ಲಿಯೇ ಇರುವ ಭಿವಂಡಿ ಆ ದಿನಗಳಲ್ಲಿ ಶಾಂತವಾಗಿತ್ತು. ಇದು ಅಚ್ಚರಿಯ ಮಾತು. ಏಕೆಂದರೆ 1984ರಲ್ಲಿ ಘೋರ ಗಲಭೆ ನಡೆದ ಊರು ಅದು. ಏನು ಬದಲಾಗಿತ್ತು? 1988ರಲ್ಲಿ ಅಲ್ಲಿಗೆ ಬಂದ ಪೋಲೀಸ್ ಅಧಿಕಾರಿ ಸುರೇಶ ಖೋಪಡೆ ಎಂಬವರು ಮೊಹಲ್ಲ ಮೊಹಲ್ಲಗಳಲ್ಲಿ ಎರಡೂ ಮತದವರನ್ನು ಕೂಡಿಸಿ ಸಮಿತಿಗಳನ್ನು ರಚಿಸಿದ್ದರು. ಆ ಸಭೆಗಳಲ್ಲಿ ಧರ್ಮದ ಉಪನ್ಯಾಸಗಳು ನಡೆಯುತ್ತಿರಲಿಲ್ಲ. ನೀರು, ಗಟಾರ, ಕಳ್ಳತನ, ಹುಡುಗರ ಜಗಳ, ಇಂತಹ ದಿನನಿತ್ಯದ ಮಾತುಗಳು ನಡೆಯುತ್ತಿದ್ದುವು. ಹೀಗೆ ವರ್ಷಗಟ್ಟಲೆ ಒಂದೇ ಚಾಪೆಯ ಮೇಲೆ ಕುಳಿತವರಿಗೆ, ಕೆಟ್ಟ ಸುದ್ದಿ ಹಬ್ಬಿದ ದಿನ ಯಾರ ಬಾಗಿಲು ತಟ್ಟಿ ನಿಜ ತಿಳಿಯಬೇಕೆಂಬುದು ಗೊತ್ತಿತ್ತು. ಇಷ್ಟೇ ಗುಟ್ಟು.

ಗಲಭೆಯ ನಂತರ ಮುಂಬಯಿಯ ಪೋಲೀಸ್ ಕಮಿಷನರರಾಗಿ ಬಂದ ಸತೀಶ ಸಾಹನಿ, ಅದಕ್ಕೂ ಹಿಂದೆ ಅದೇ ಸ್ಥಾನದಲ್ಲಿದ್ದ ಜೂಲಿಯೋ ರಿಬೇರೊ, ಸಮಾಜಸೇವಕಿ ಸುಶೋಭಾ ಬರ್ವೆ ಮೊದಲಾದವರು ಕೂಡಿ ಇದೇ ಬಗೆಯ ಮೊಹಲ್ಲ ಕಮಿಟಿಗಳನ್ನು ಇಲ್ಲಿ ಕಟ್ಟಿದರು. ಪೋಲೀಸ್ ಠಾಣೆಯ ಮಟ್ಟದಲ್ಲಿ ಸಭೆ, ಹಬ್ಬಗಳಿಗೆ ಮುಂಚೆ ಮಾತುಕತೆ, ತರುಣರಿಗೂ ಪೋಲೀಸರಿಗೂ ಕ್ರಿಕೆಟ್ ಪಂದ್ಯ. ಧಾರಾವಿಯಲ್ಲಿ ಭಾವು ಕೋರ್ಡೆ, ವಕಾರ್ ಖಾನ್ ಎಂಬ ಇಬ್ಬರು ಸ್ನೇಹಿತರು ಈ ಕೆಲಸಕ್ಕೆ ಟೊಂಕಕಟ್ಟಿದರು. ವಕಾರ್ ಖಾನ್ ಬಟ್ಟೆ ಹೊಲಿಸುವ ಕಾರಖಾನೆಯವರು. ನಾಲ್ಕು ಮಕ್ಕಳಿಗೆ ನಾಲ್ಕು ಮತಗಳ ವೇಷ ಹಾಕಿಸಿ ತೆಗೆಸಿದ ಚಿತ್ರದ ಕೆಳಗೆ 'ಹಮ್ ಸಬ್ ಏಕ್ ಹೈಂ' ಎಂದು ಅಚ್ಚು ಹಾಕಿಸಿ ಗೋಡೆ ಗೋಡೆಗೆ ಹಚ್ಚಿಸಿದರು. ಟಾಟಾ ಸಂಸ್ಥೆಯ ಅಧ್ಯಾಪಕ ದಂಪತಿಗಳು ಈ ಗೆಳೆಯರ ಮೇಲೆ 'ನಾತಾ' ಎಂಬ ಚಲಚ್ಚಿತ್ರವನ್ನೂ ತೆಗೆದಿದ್ದಾರೆ. ದೊಡ್ಡ ಭಾಷಣಗಳಿಗಿಂತ ಹೆಚ್ಚಾಗಿ ಇಂತಹ ಸಣ್ಣ ಕೆಲಸಗಳೇ ಆ ಗಾಯಕ್ಕೆ ಮದ್ದಾದುವು.

ಇನ್ನೊಬ್ಬರ ಹೆಸರನ್ನು ನಾವು ವಿಶೇಷವಾಗಿ ಹೇಳಬೇಕಾಗಿದೆ. ಅವರು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದವರು, ತಮಿಳು ಮನೆಮಾತಿನವರು: ಜೋಕಿನ್ ಅರ್ಪುತಂ. 1963ರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ, ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದು ಬೀದಿಯಲ್ಲಿ ಮಲಗಿ, ಬಡಗಿ ಕೆಲಸ ಮಾಡಿ, ಮಾನಖುರ್ದಿನ ಜನತಾ ಕಾಲನಿಯಲ್ಲಿ ನೆಲೆಸಿದರು. ಆ ಕಾಲನಿಯಲ್ಲಿ ಕಸ ಗುಡ್ಡೆಯಾಗಿ ಬಿದ್ದಿತ್ತು, ಮುನಿಸಿಪಾಲಿಟಿಯವರು ಎತ್ತುತ್ತಿರಲಿಲ್ಲ. ಜೋಕಿನ್ ಕಾಲನಿಯ ಮಕ್ಕಳನ್ನು ಕೂಡಿಸಿ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪೊಟ್ಟಣ ಕಸ ಹಿಡಿಸಿ, ಮೆರವಣಿಗೆಯಲ್ಲಿ ಕರೆದೊಯ್ದು ಅದನ್ನು ಮುನಿಸಿಪಾಲಿಟಿಯ ಕಚೇರಿಯ ಮುಂದೆಯೇ ಸುರಿಸಿದರು. ಆ ಬಳಿಕ ಕಸ ಎತ್ತುವ ವ್ಯವಸ್ಥೆಯಾಯಿತು. 1976ರಲ್ಲಿ, ತುರ್ತು ಪರಿಸ್ಥಿತಿಯ ದಿನಗಳಲ್ಲಿ, ಸುಮಾರು 70,000 ಜನರ ಆ ಕಾಲನಿಯನ್ನೇ ಕಿತ್ತು ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಆದರೂ ಅವರು ಎದೆಗುಂದದೆ ಗುಡಿಸಲುವಾಸಿಗಳ ರಾಷ್ಟ್ರೀಯ ಒಕ್ಕೂಟವನ್ನು ಬೆಳೆಸಿದರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಅವರಿಗೆ ಸಂದಿತು. 2018ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಸುರಕ್ಷತೆಯ ವಿಷಯದಲ್ಲಿ ಅವರ ಕೊಡುಗೆ ಪೋಲೀಸ್ ಪಂಚಾಯತು. ಪುಣೆಯಲ್ಲಿಯೂ ಬಳಿಕ 2004ರಿಂದ ಮುಂಬಯಿಯಲ್ಲಿಯೂ ಪೋಲೀಸ್ ಕಮಿಷನರರಾಗಿದ್ದ ಎ. ಎನ್. ರಾಯ್ ಅವರೊಡನೆ ಕೂಡಿ ಇದನ್ನು ನಡೆಸಿದರು. ಒಂದು ವಸತಿಗೆ ಹತ್ತು ಜನರ ಪಂಚಾಯತು. ಅವರಲ್ಲಿ ಏಳು ಮಂದಿ ಹೆಂಗಸರು, ಮೂರು ಮಂದಿ ಗಂಡಸರು. ಜೊತೆಗೆ ಠಾಣೆಯಿಂದ ಒಬ್ಬ ಪೋಲೀಸ್ ಅಧಿಕಾರಿ. ವಸತಿಯವರೇ ಒಂದು ಕೋಣೆ ಒದಗಿಸಬೇಕು. ನೀರಿನ ಜಗಳ, ಗಂಡಹೆಂಡಿರ ಹೊಡೆದಾಟ, ಕುಡುಕರ ಕಾಟ, ಬಾಡಿಗೆಯ ತಕರಾರು ಮೊದಲಾದುವನ್ನು ಅಲ್ಲಿಯೇ ಕೂಡಿಸಿ ಮಾತಾಡಿ ಮುಗಿಸುವುದು. ಕೊಲೆ, ದರೋಡೆ, ಬಲಾತ್ಕಾರಗಳಂತಹ ಘೋರ ಅಪರಾಧವಾದರೆ ನೇರವಾಗಿ ಠಾಣೆಗೆ. ಏಳು ಮಂದಿ ಹೆಂಗಸರೇಕೆ ಎಂದು ಕೇಳುವವರುಂಟು. ಓಣಿಯಲ್ಲಿ ಹಗಲಿಡೀ ಇರುವವರು ಅವರು. ಯಾವ ಮೂಲೆಯಲ್ಲಿ ಕಳ್ಳಭಟ್ಟಿ ಮಾರುತ್ತಾರೆ, ಯಾವ ಮನೆಯಲ್ಲಿ ಸೊಸೆ ಅಳುತ್ತಾಳೆ ಎಂಬುದು ತಿಳಿದವರು ಅವರು. ಠಾಣೆಯ ಮೆಟ್ಟಿಲು ಹತ್ತಲು ಹೆದರುವ ಹೆಣ್ಣುಮಗಳು ಪಕ್ಕದ ಮನೆಯ ಅಕ್ಕನ ಮುಂದೆ ಬಾಯಿ ಬಿಡುತ್ತಾಳೆ. ಈ ಸಣ್ಣ ಸತ್ಯವನ್ನು ಕಾನೂನಿನ ಪುಸ್ತಕದಲ್ಲಿ ಬರೆದಿಲ್ಲ; ಗುಡಿಸಲಿನವರು ಬಲ್ಲರು.

ಹಾಗಾದರೆ ಮುನಿಸಿಪಾಲಿಟಿಯ ಕೆಲಸವೇನು? ಬಹಳ ಜನ ಸುರಕ್ಷತೆಯೆಂದರೆ ಪೋಲೀಸರ ಕೆಲಸವೆಂದೇ ತಿಳಿಯುತ್ತಾರೆ. ಹೆಣ್ಣುಮಕ್ಕಳನ್ನು ಕೇಳಿ ನೋಡಿ: ದೀಪ, ನೀರು, ಪಾಯಿಖಾನೆ ಎಂದು ಮೊದಲು ಹೇಳುತ್ತಾರೆ. ಕತ್ತಲೆಯಲ್ಲಿ ದೂರದ ಪಾಯಿಖಾನೆಗೆ ಹೋಗಬೇಕಾದ ಹುಡುಗಿಗೆ ಅದಕ್ಕಿಂತ ದೊಡ್ಡ ಭಯ ಯಾವುದಿದೆ? 1990ರ ದಶಕದಲ್ಲಿ ಜಾಗತಿಕ ಬ್ಯಾಂಕಿನ ಸಾಲದ ನೆರವಿನಿಂದ ನಗರದ ಮಲಿನಜಲ ಯೋಜನೆ ನಡೆದಾಗ, ಅದರ ಅಂಗವಾಗಿ ಝೋಪಡಪಟ್ಟಿಗಳ ನೈರ್ಮಲ್ಯ ಕಾರ್ಯಕ್ರಮವೊಂದು ಆರಂಭವಾಯಿತು. ಮುನಿಸಿಪಾಲಿಟಿ ಪಾಯಿಖಾನೆ ಕಟ್ಟಿಸುವುದು, ವಸತಿಯವರು ಸಂಘ ರಚಿಸಿ ವಂತಿಗೆ ಕೂಡಿಸಿ ಅದನ್ನು ನಡೆಸುವುದು ಎಂಬುದು ಅದರ ಕ್ರಮ. ಮೊದಲ ಹಂತದಲ್ಲಿಯೇ 300ಕ್ಕೂ ಮಿಕ್ಕಿ ಕಟ್ಟಡಗಳೆದ್ದುವು. ಸಂಘ ಗಟ್ಟಿಯಾಗಿದ್ದ ಕಡೆ ನೀರು, ದೀಪ, ಕಾವಲು ಎಲ್ಲ ಸರಿಯಾಗಿದ್ದುವು; ಸಂಘ ಹೆಸರಿಗೆ ಮಾತ್ರವಿದ್ದ ಕಡೆ ಬಾಗಿಲು ಮುರಿದು, ದೀಪ ಕೆಟ್ಟು, ಮತ್ತೆ ಹಳೆಯ ಪಾಡೇ ಆಯಿತು. 2011ರಲ್ಲಿ ಹೆಂಗಸರ ಸಂಸ್ಥೆಗಳು, ಗಂಡಸರಿಗೆ ಪುಕ್ಕಟೆಯಾದ ಮೂತ್ರಾಲಯಕ್ಕೆ ಹೆಂಗಸರು ಏಕೆ ಹಣ ತೆರಬೇಕು ಎಂದು ಕೇಳಿ 'ರೈಟ್ ಟು ಪೀ' ಎಂಬ ಚಳವಳಿ ಹೂಡಿದುವು. ಹೆಸರು ಕೇಳಿ ನಕ್ಕವರುಂಟು. ಸಂಜೆಯ ವರೆಗೆ ನೀರು ಕುಡಿಯದೆ ದುಡಿಯುವ ಹೆಂಗಸರು ನಗಲಿಲ್ಲ.

ಕಸದ ವಿಷಯದಲ್ಲಿ ಘಾಟಕೋಪರದ ಜೋಶಿ ಲೇನಿನ ನಿವಾಸಿಗಳು ದಾರಿ ತೋರಿದರು. 1997ರ ಸುಮಾರಿಗೆ ಅವರು ಹಸಿ ಕಸ, ಒಣ ಕಸ ಬೇರೆ ಮಾಡಿ ತಮ್ಮ ಗಲ್ಲಿಯನ್ನು ಚೊಕ್ಕಟವಾಗಿಟ್ಟುದನ್ನು ಕಂಡು ಮುನಿಸಿಪಾಲಿಟಿ ಅದನ್ನೇ ಒಂದು ಪದ್ಧತಿಯಾಗಿ ಮಾಡಿ ಎ.ಎಲ್.ಎಂ. ಎಂದು ಕರೆಯಿತು. ಸುಮಾರು ಸಾವಿರ ಜನರಿರುವ ಒಂದು ಓಣಿಯವರು ಸಮಿತಿ ಮಾಡಿಕೊಂಡು ವಾರ್ಡ್ ಕಚೇರಿಯಲ್ಲಿ ಹೆಸರು ನೋಂದಿಸಬೇಕು. ಕಚೇರಿಯ ಒಬ್ಬ ಅಧಿಕಾರಿ ಅವರ ಅಹವಾಲು ಕೇಳಬೇಕು. ಇಂತಹ ಸಮಿತಿಗಳು ನಗರದಲ್ಲಿ ನೂರಾರು ಹುಟ್ಟಿದುವು. ಕೆಲವು ಈಗಲೂ ಚುರುಕಾಗಿವೆ, ಕೆಲವು ನಾಮಫಲಕದಲ್ಲಿ ಮಾತ್ರ ಉಳಿದಿವೆ.

ಮುನಿಸಿಪಾಲಿಟಿಯೂ ಜನರೂ ಕೂಡಿದರೆ ಏನಾಗಬಲ್ಲದು ಎಂಬುದಕ್ಕೆ 2020ರ ಧಾರಾವಿಗಿಂತ ಬೇರೆ ನಿದರ್ಶನ ಬೇಡ. ಏಪ್ರಿಲ್ 1ರಂದು ಅಲ್ಲಿ ಮೊದಲ ಕೊರೋನಾ ರೋಗಿ ಪತ್ತೆಯಾದಾಗ, ಧಾರಾವಿ ಉಳಿಯಲಾರದೆಂದೇ ಎಲ್ಲರೂ ಬಗೆದಿದ್ದರು. ಎರಡೂವರೆ ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ಲಕ್ಷಗಟ್ಟಲೆ ಜನ. ಬಹುಪಾಲು ಮನೆಗಳಿಗೆ ಸ್ವಂತ ಪಾಯಿಖಾನೆ ಇಲ್ಲ. 'ಜಿ ಉತ್ತರ' ವಾರ್ಡಿನವರು ರೋಗಿ ಬರುವ ವರೆಗೆ ಕಾಯಲಿಲ್ಲ. ಅಲ್ಲಿಯ ಖಾಸಗಿ ಡಾಕ್ಟರರನ್ನು ಜೊತೆಗೆ ಕರೆದುಕೊಂಡು ಮನೆ ಮನೆಗೆ ಹೋದರು. ಪಾಯಿಖಾನೆಗಳನ್ನು ದಿನಕ್ಕೆ ಹಲವು ಸಲ ತೊಳೆಸಿದರು. ಶಾಲೆಗಳನ್ನೂ ಕ್ರೀಡಾ ಸಂಕೀರ್ಣವನ್ನೂ ಆರೈಕೆಯ ಕೇಂದ್ರಗಳನ್ನಾಗಿ ಮಾಡಿದರು. ಸಂಘಸಂಸ್ಥೆಗಳು ಊಟ ಒದಗಿಸಿದುವು. ಜುಲೈ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯ ಹೆಸರೆತ್ತಿ ಮೆಚ್ಚಿಕೊಂಡರು. ಪರಿಚಯದ ಡಾಕ್ಟರು ಬಾಗಿಲಿಗೆ ಬಂದುದರಿಂದ ಜನ ಬಾಗಿಲು ತೆರೆದರು. ನಂಬಿಕೆ ಮೊದಲೇ ಇತ್ತು, ಆಪತ್ತಿನಲ್ಲಿ ಅದು ಕೆಲಸಕ್ಕೆ ಬಂದಿತು.

ಇವಿಷ್ಟೂ ಒಳ್ಳೆಯ ಮಾತುಗಳು. ಕೊರತೆಗಳನ್ನು ಮುಚ್ಚಿಟ್ಟರೆ ಓದುಗರಿಗೆ ನಾವು ಅನ್ಯಾಯ ಮಾಡಿದಂತಾಗುತ್ತದೆ. ಒಬ್ಬ ಉತ್ಸಾಹಿ ಅಧಿಕಾರಿಯಿಂದ ಆರಂಭವಾದ ಕೆಲಸ ಅವರ ವರ್ಗವಾದೊಡನೆ ಸೊರಗುವುದು ಮೊದಲನೆಯ ಕೊರತೆ. ಎರಡನೆಯದು, ಕೇಳುವವರೇ ಇಲ್ಲದಂತಾಗುವುದು. 2022ರ ಮಾರ್ಚಿನಲ್ಲಿ ಮುಂಬಯಿ ಮಹಾನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಮುಂದಿನ ಚುನಾವಣೆಯ ಮತದಾನ ನಡೆದುದು 2026ರ ಜನವರಿ 15ರಂದು. 227 ವಾರ್ಡುಗಳ ಈ ಮಹಾನಗರ ಹತ್ತಿರ ಹತ್ತಿರ ನಾಲ್ಕು ವರ್ಷ ಒಬ್ಬ ನಗರಸೇವಕನೂ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಓಣಿಯ ದೀಪ ಕೆಟ್ಟರೆ ಯಾರ ಮನೆಗೆ ಹೋಗಿ ಹೇಳಬೇಕೆಂಬುದೇ ಆಗ ಪ್ರಶ್ನೆಯಾಗಿತ್ತು. ಈಗ ಆ ಕೊರತೆ ತೀರಿದೆ. ಆದರೆ ನಮ್ಮಲ್ಲಿ ಎಷ್ಟು ಮನೆಗಳವರು ತಮ್ಮ ವಾರ್ಡಿನ ಸದಸ್ಯರ ಹೆಸರು ಬಲ್ಲರು?

ಮೂರನೆಯ ಕೊರತೆ ಇನ್ನೂ ಸೂಕ್ಷ್ಮವಾದುದು. ಓಣಿ ಕಾಯುವ ಸಮಿತಿ ಕೆಲವು ಸಲ ಓಣಿಗೆ ಬೇಲಿ ಹಾಕುವ ಸಮಿತಿಯಾಗುತ್ತದೆ. ಕೈಗಾಡಿಯವನು ಬರಬಾರದು, ಹೊರಗಿನವನಿಗೆ ಖೋಲಿ ಕೊಡಬಾರದು, ಇಂಥವರ ಭಾಷೆ ಸರಿಯಿಲ್ಲ, ಅಂಥವರ ಅಡಿಗೆಯ ವಾಸನೆ ಆಗದು, ಹೀಗೆ ಮಾತು ಬೆಳೆಯುತ್ತದೆ. ಬಾಂಧವರೇ, ಈ ಮಾತುಗಳನ್ನು ನಾವು ಕೇಳಿಸಿಕೊಂಡವರು. 1966ರ ಅನಂತರದ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನೂ ಉಡುಪಿ ಹೋಟೆಲುಗಳ ಮೇಲೆ ಬಿದ್ದ ಕಲ್ಲುಗಳನ್ನೂ ನಮ್ಮ ಹಿರಿಯರು ಮರೆತಿಲ್ಲ. ಅಂದು ಹೊರಗಿನವರೆನಿಸಿಕೊಂಡ ನಾವು ಇಂದು ಹೊಸದಾಗಿ ಬಂದ ಬಿಹಾರದ, ಬಂಗಾಳದ, ಇಲ್ಲವೆ ನಮ್ಮದೇ ಕಲಬುರಗಿ ರಾಯಚೂರುಗಳ ಕೂಲಿಯವರನ್ನು ಅದೇ ಕಣ್ಣಿನಿಂದ ನೋಡಿದರೆ ಏನು ಚೆನ್ನ? ಕಳ್ಳನನ್ನು ಕಳ್ಳನೆನ್ನೋಣ, ಬಡವನನ್ನು ಕಳ್ಳನೆನ್ನದಿರೋಣ.

ಈಗ ನಾವು ಮೊದಲು ಹೇಳಿದ ಚಾಳಿನ ಮಾತಿಗೆ ಬರೋಣ. ಮುಂಬಯಿಯ ಹಳೆಯ ಚಾಳುಗಳು ಒಂದೊಂದಾಗಿ ಬೀಳುತ್ತಿವೆ; ಕೆಲವನ್ನು ಕೆಡಹುತ್ತಾರೆ, ಕೆಲವು ತಾವಾಗಿಯೇ ಕುಸಿಯುತ್ತವೆ. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು ಮೂವತ್ತಕ್ಕೂ ಮಿಕ್ಕಿ ಜನ ಸತ್ತರು. 2019ರ ಜುಲೈಯಲ್ಲಿ ಡೋಂಗರಿಯಲ್ಲಿ ಮತ್ತೊಂದು ಕಟ್ಟಡ ಬಿದ್ದಿತು. ಆದುದರಿಂದ ಹೊಸ ಕಟ್ಟಡ ಬೇಡವೆನ್ನುವವರು ಯಾರೂ ಇರಲಾರರು. ವರಳಿಯ ಬಿ.ಡಿ.ಡಿ. ಚಾಳುಗಳ ಜಾಗದಲ್ಲಿ ಗಗನಚುಂಬಿ ಕಟ್ಟಡಗಳೆದ್ದು, 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳಿಗೆ 500 ಚದರಡಿಯ ಮನೆಗಳ ಬೀಗದ ಕೈ ದೊರಕಿತು. 160 ಚದರಡಿಯಿಂದ 500ಕ್ಕೆ! ಮನೆಯೊಳಗೇ ನಳ, ಮನೆಯೊಳಗೇ ಪಾಯಿಖಾನೆ. ಮೂರು ತಲೆಮಾರು ಕಾದ ಆ ತಾಯಂದಿರ ಸಂತೋಷದಲ್ಲಿ ನಾವೂ ಪಾಲುಗಾರರು. ಧಾರಾವಿಯ ಪುನರ್ನಿರ್ಮಾಣವೂ ಕೈಗೆತ್ತಿಕೊಂಡ ಕೆಲಸವಾಗಿದೆ.

ಆದರೆ ಇಪ್ಪತ್ತನೆಯ ಮಾಳಿಗೆಯಲ್ಲಿ ಬಾಗಿಲು ಮುಚ್ಚಿದೊಡನೆ ಆ ಹತ್ತು ಕಣ್ಣುಗಳು ಎಲ್ಲಿ ಹೋದುವು? ಲಿಫ್ಟಿನಲ್ಲಿ ಎದುರುಬದುರು ನಿಂತು ಮಾತಾಡದವರು ಆಪತ್ತಿನಲ್ಲಿ ಯಾರ ಬಾಗಿಲು ತಟ್ಟುತ್ತಾರೆ? ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಊರಿನಿಂದ ಬಂದ ಅತ್ತೆಗೆ ಮಾತಿಗೆ ಯಾರು? ದ್ವಾರದಲ್ಲಿ ಕಾವಲುಗಾರನೂ ಕ್ಯಾಮೆರಾವೂ ಇವೆ, ನಿಜ. ಕ್ಯಾಮೆರಾ ಆದುದನ್ನು ತೋರಿಸುತ್ತದೆ. ಆಗದಂತೆ ತಡೆಯುವುದು ನೆರೆಯವರ ಕಣ್ಣು. ಚಾಳು ಹೋಗಲಿ, ಚಾಳಿನ ನಡುದಾರಿ ಉಳಿಯಲಿ ಎಂಬುದು ನಮ್ಮ ಅಭಿಲಾಷೆ. ಅದು ಗಾರೆ ಇಟ್ಟಿಗೆಗಳ ನಡುದಾರಿಯೇ ಆಗಬೇಕೆಂದಿಲ್ಲ.

ಇದಕ್ಕೆ ನಾವು ಏನು ಮಾಡಬಲ್ಲೆವು? ಕೆಲವು ಸೂಚನೆಗಳನ್ನು ಮಾತ್ರ ಇಲ್ಲಿ ಮಾಡುತ್ತೇವೆ.

ದೀಪದಿಂದ ಆರಂಭಿಸೋಣ. ಕೊಲಾಬದಿಂದ ಮಾಹಿಮ್, ಶೀವಗಳ ವರೆಗೆ ವಿದ್ಯುತ್ತು 'ಬೆಸ್ಟ್'ನವರದು. ಉಪನಗರಗಳ ಬಹುಭಾಗ ಅದಾನಿ ಕಂಪೆನಿಯದು. ಭಾಂಡೂಪ್, ಮುಲುಂಡಿನ ಕಡೆ ರಾಜ್ಯದ ಮಹಾವಿತರಣದವರದು. ಬೀದಿದೀಪಗಳನ್ನು ಆಯಾ ಭಾಗದಲ್ಲಿ ಇವರೇ ನೋಡಿಕೊಳ್ಳುತ್ತಾರೆ. ಕಂಬದ ಮೇಲಿನ ನಂಬರನ್ನು ಬರೆದುಕೊಂಡು ದೂರು ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಬಿದ್ದ ಮರ, ತೆರೆದ ಮ್ಯಾನ್‌ಹೋಲು, ವಾಲಿದ ಗೋಡೆಗಳಿಗೆ ಮಹಾನಗರಪಾಲಿಕೆಯ 1916, ತುರ್ತಿಗೆ 112. ಈ ಎರಡು ನಂಬರುಗಳನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಮನೆಯ ಹಿರಿಯರಿಗೂ ಮಕ್ಕಳಿಗೂ ತೋರಿಸಿಡಿ. ಮಳೆಗಾಲಕ್ಕೆ ಮುಂಚೆ ಅಪಾಯಕರ ಕಟ್ಟಡಗಳ ಪಟ್ಟಿ ಪ್ರಕಟವಾಗುತ್ತದೆ. ಅದರಲ್ಲಿ 'ಸಿ-1' ಎಂದಿದ್ದರೆ ಆ ಕಟ್ಟಡ ವಾಸಕ್ಕೆ ತಕ್ಕುದಲ್ಲ, ಬಿಡಲೇಬೇಕು ಎಂದರ್ಥ. ನಮ್ಮವರು ಬಾಡಿಗೆಗಿರುವ ಹಳೆಯ ಕಟ್ಟಡಗಳ ಹೆಸರು ಅದರಲ್ಲಿದೆಯೆ ಎಂದು ನೋಡುವ ಕೆಲಸವನ್ನು ನಮ್ಮ ತರುಣರು ವಹಿಸಿಕೊಳ್ಳಬಹುದು.

ಇನ್ನೊಂದು ದೊಡ್ಡ ಮಾತು. ಸಂವಿಧಾನದ 74ನೆಯ ತಿದ್ದುಪಡಿಯ ಫಲವಾಗಿ ಮುಂಬಯಿಯಲ್ಲಿ ವಾರ್ಡ್ ಸಮಿತಿಗಳಿವೆ. ಆಯಾ ಭಾಗದ ನಗರಸೇವಕರು ಅವುಗಳ ಸದಸ್ಯರು. ಇವರಲ್ಲದೆ, ಆ ಭಾಗದಲ್ಲಿ ಸಮಾಜಸೇವೆ ಮಾಡುವ ಮಾನ್ಯತೆ ಪಡೆದ ಸಂಸ್ಥೆಗಳಿಂದ ಮೂರು ಮಂದಿಯ ವರೆಗೆ ನಾಮನಿರ್ದೇಶನ ಮಾಡಲು ಮುನಿಸಿಪಲ್ ಕಾಯಿದೆಯಲ್ಲಿ ಅವಕಾಶವಿದೆ. ನಮ್ಮ ಸಂಘಗಳು ನೋಂದಾಯಿತ ಸಂಸ್ಥೆಗಳು. ಶಾಲೆ ನಡೆಸಿವೆ, ರಕ್ತದಾನದ ಶಿಬಿರ ನಡೆಸಿವೆ, ವಿದ್ಯಾರ್ಥಿವೇತನ ಕೊಟ್ಟಿವೆ. ಈ ಸ್ಥಾನಗಳಿಗೆ ನಾವು ಏಕೆ ಹೆಸರು ಸೂಚಿಸಬಾರದು? ವಾರ್ಷಿಕೋತ್ಸವಕ್ಕೆ ನಗರಸೇವಕರನ್ನು ಕರೆದು ಶಾಲು ಹೊದಿಸುತ್ತೇವೆ. ಶಾಲಿನ ಜೊತೆ ಓಣಿಯ ಒಂದು ಅರ್ಜಿಯನ್ನೂ ಕೊಡೋಣ. ಮಂಗಳೂರಿನಿಂದ 1949ರಲ್ಲಿ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ತರುಣ ಜಾರ್ಜ್ ಫರ್ನಾಂಡಿಸರು 1961ರಲ್ಲಿ ಇದೇ ಕಾರ್ಪೊರೇಷನ್ನಿಗೆ ಚುನಾಯಿತರಾದರು. ನಾವು ಇಲ್ಲಿ ಅತಿಥಿಗಳು ಎಂಬ ಭಾವನೆ ಅವರಲ್ಲಿರಲಿಲ್ಲ. ಮೂರು ತಲೆಮಾರು ತೆರಿಗೆ ಕೊಟ್ಟ ನಮ್ಮಲ್ಲಿ ಇನ್ನೂ ಏಕಿರಬೇಕು?

ಸಂಘದ ಸಭಾಗೃಹವೂ ಒಂದು ಆಸ್ತಿಯೇ. ಭಾನುವಾರದ ಯಕ್ಷಗಾನ, ಹರಿಕಥೆ, ನಾಟಕಗಳಿಗೆ ಅದು ತೆರೆಯುತ್ತದೆ. ಉಳಿದ ದಿನಗಳ ಮಧ್ಯಾಹ್ನ ಅದನ್ನು ಓಣಿಯ ಅಜ್ಜ ಅಜ್ಜಿಯರಿಗೆ, ಸಂಜೆ ಓದಲು ಜಾಗವಿಲ್ಲದ ಮಕ್ಕಳಿಗೆ ಬಿಟ್ಟುಕೊಟ್ಟರೆ ಹೇಗೆ? ಕನ್ನಡದ ಮಕ್ಕಳಿಗೆ ಮಾತ್ರ ಎಂದು ಫಲಕ ಹಾಕಬೇಡಿ. ಮರಾಠಿ, ಉರ್ದು, ಹಿಂದಿಯ ಮಕ್ಕಳೂ ಬರಲಿ. ಹಾಗೆ ಬಂದವರೇ ನಾಳೆ ನಮ್ಮ ಮಕ್ಕಳ ನೆರೆಯವರು. ಮಹಿಳಾ ವಿಭಾಗದ ಸೋದರಿಯರು ಅರಸಿನ ಕುಂಕುಮದ ದಿನ ಪಕ್ಕದ ಕಟ್ಟಡದ ಹೊಸ ಸೊಸೆಯನ್ನೂ ಕರೆಯಲಿ. ಆಕೆಯ ಹೆಸರು, ಆಕೆಯ ತವರಿನ ಫೋನ್ ನಂಬರು ನಮ್ಮಲ್ಲೊಬ್ಬರಿಗೆ ಗೊತ್ತಿದ್ದರೆ ಅದೇ ಒಂದು ಕಾವಲು.

ಈ ತ್ರೈಮಾಸಿಕದ ಅವಧಿಯಲ್ಲಿ ಪ್ರತಿಯೊಂದು ಓದುಗ ಮನೆಯವರೂ ಒಂದೇ ಒಂದು ಕೆಲಸ ಮಾಡಲಿ ಎಂದು ಕೋರುತ್ತೇವೆ: ತಮ್ಮ ಮಾಳಿಗೆಯಲ್ಲಿ ಇಲ್ಲವೆ ಗಲ್ಲಿಯಲ್ಲಿ, ಇದುವರೆಗೆ ಮಾತಾಡಿಸದ ಒಂದು ಮನೆಯ ಬಾಗಿಲು ತಟ್ಟಿ ಪರಿಚಯ ಮಾಡಿಕೊಳ್ಳುವುದು. ತಮ್ಮ ಓಣಿಯಲ್ಲಿ ಇಂತಹ ಸಮಿತಿ ಇದ್ದರೆ, ಅಥವಾ ಇದ್ದು ಮುಚ್ಚಿಹೋಗಿದ್ದರೆ, ಆ ವಿವರವನ್ನು ನಾಲ್ಕು ಸಾಲು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ನಡೆದ ಕೆಲಸದಿಂದ ಹುರುಪು ಬರುತ್ತದೆ, ನಿಂತ ಕೆಲಸದಿಂದ ಪಾಠ ಸಿಗುತ್ತದೆ. ಎರಡೂ ನಮಗೆ ಬೇಕು.